ಹಳೇ ಜೀಪಿನ ಅಳತೆ ಯಾರ ಬಳಿ?

ಪಿಸ್ಟನ್ ಸಿಗುತ್ತದೆ, ರಿಂಗ್ ಸಿಗುತ್ತದೆ, ಬೋರ್ ಹೊಡೆಯುವ ಯಂತ್ರವೂ ಇದೆ. ಎಷ್ಟಕ್ಕೆ ಹೊಡೆಯಬೇಕು ಎಂದು ಖಚಿತವಾಗಿ ಹೇಳುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಚಿಕ್ಕೋಡಿಯಿಂದ ಕಾಗವಾಡದವರೆಗಿನ ಕಬ್ಬಿನ ಸೀಮೆಯಲ್ಲಿ ಐವತ್ತು ದಾಟಿದ ಎಂಜಿನ್ನುಗಳಿಗೆ ಮತ್ತೆ ಉಸಿರು ಕೊಡುವವರು ಈಗ ಅಂಕಿಗಳ ಬೆನ್ನು ಹತ್ತಿದ್ದಾರೆ.

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಮುಂಜಾನೆ. ನಿಪ್ಪಾಣಿಯ ಹಳೇ ಪುಣೆ–ಬೆಂಗಳೂರು ರಸ್ತೆಗೆ ಹೊಂದಿಕೊಂಡ ಗ್ಯಾರೇಜಿನ ಅಂಗಳಕ್ಕೆ ನೀರು ಹೊಡೆದು ರಂಗೋಲಿ ಹಾಕಿದ್ದಾರೆ. ಪಾನಾ, ಸುತ್ತಿಗೆ, ಜಾಕು, ವೈಸು, ವೆಲ್ಡಿಂಗ್ ಮಷೀನು ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂ. ಇವೆಲ್ಲದರ ನಡುವೆ ಎರಡು ಕಟ್ಟಿಗೆ ದಿಮ್ಮಿಗಳ ಮೇಲೆ ಕೂತಿದೆ ನಾಲ್ಕು ಸಿಲಿಂಡರಿನ ಒಂದು ಎಂಜಿನ್ ಬ್ಲಾಕು. ಹೆಡ್ಡು ಬಿಚ್ಚಿದೆ, ಪಿಸ್ಟನ್ನುಗಳು ಹೊರಗೆ ಸಾಲಾಗಿ ನಿಂತಿವೆ. ಅದಕ್ಕೂ ಒಂದು ಮಾಲೆ. ಅದರ ಜೀಪು ಬಾನೆಟ್ ಕಳಚಿಕೊಂಡು ಬೇವಿನ ಗಿಡದ ಕೆಳಗೆ ನಿಂತಿದೆ.

ಕಾಯಿ ಒಡೆದಾದ ಮೇಲೆ ಜೀಪಿನ ಒಡೆಯ ಕೇಳುತ್ತಾನೆ: "ಕಾಕಾ, ದೀಪಾವಳಿಗೆ ಚಾಲೂ ಆಕ್ಕೈತೇನ್ರಿ?"

"ಕಟ್ಟೂದು ನನ್ನ ಕೆಲಸ, ತಮ್ಮಾ. ಅಳತಿ ಎಲ್ಲಿಂದರೆ ಹುಡುಕಿ ತಗೊಂಬಾ. ಹಿಂದಿನಾಂವ ಎಷ್ಟ್ ಬೋರ್ ಮಾಡ್ಯಾನೋ, ಯಾವ ಪಿಸ್ಟನ್ ಹಾಕ್ಯಾನೋ, ಆ ದೇವರಿಗೇ ಗೊತ್ತ."

ಈ ಮಾತು ಒಂದು ಗ್ಯಾರೇಜಿನದಲ್ಲ. ರಾಯಬಾಗ, ಅಥಣಿ, ಉಗಾರ, ಕಾಗವಾಡ ಎಲ್ಲಿ ಹಳೇ ಗಾಡಿಯ ಎಂಜಿನ್ ಇಳಿಸಿದರೂ ಮೊದಲು ಏಳುವ ಪ್ರಶ್ನೆ ಇದೇ.

ದಸರೆಯ ಸಂಜೆ ಕೊಲ್ಹಾಪುರದ ದಸರಾ ಚೌಕಕ್ಕೆ ಛತ್ರಪತಿ ಮನೆತನದ ಮೇಬ್ಯಾಕ್ ಕಾರು ಬರುತ್ತದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಕಾರುಗಳನ್ನು ನೋಡಲು ಬಸ್ಸು ಮಾಡಿಕೊಂಡು ಹೋಗುವವರಿದ್ದಾರೆ. ಅರಮನೆ, ಮಠ, ಸಂಗ್ರಹಾಲಯಗಳ ಗಾಡಿಗಳಿಗೆ ಕಾಳಜಿ ಮಾಡುವವರಿದ್ದಾರೆ, ಕಾಗದಪತ್ರವೂ ಇರುತ್ತದೆ. ಕೃಷ್ಣಾ, ದೂಧಗಂಗಾ, ವೇದಗಂಗೆಯ ದಂಡೆಯ ರೈತನ ಮನೆಯ ದನದ ಕೊಟ್ಟಿಗೆಯಲ್ಲಿ ಮುಚ್ಚಿಟ್ಟ ಜೀಪಿಗೆ ಇಂಥ ಭಾಗ್ಯವಿಲ್ಲ. ಅಜ್ಜ ತಂದದ್ದು, ಅಪ್ಪ ಓಡಿಸಿದ್ದು, ಮೊಮ್ಮಗ ಈಗ ಮತ್ತೆ ರಸ್ತೆಗೆ ತರಬೇಕೆನ್ನುತ್ತಾನೆ. ಅದರ ಜೊತೆ ಬಂದಿದ್ದ ಕೈಪಿಡಿ ಯಾವತ್ತೋ ರದ್ದಿಗೆ ಹೋಗಿದೆ, ಇಲ್ಲವೇ ಮಹಾಪೂರದಲ್ಲಿ ಕೊಚ್ಚಿಕೊಂಡು ಹೋಗಿದೆ.

ಈಗೇಕೆ ಈ ಹುರುಪು?

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿ ಇದಕ್ಕೊಂದು ಕಾರಣ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ಮಾನ್ಯತೆ ಸಿಕ್ಕಿತು. ಆದರೆ ಒಂದು ಷರತ್ತು: ಗಾಡಿ ಮೂಲ ಸ್ವರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು.

ನಮ್ಮ ಭಾಗದ ಜೀಪುಗಳಿಗೆ ಪೆಟ್ಟು ಬೀಳುವುದು ಇಲ್ಲಿಯೇ. ಪೆಟ್ರೋಲ್ ತುಟ್ಟಿಯಾದ ಕಾಲಕ್ಕೆ ಎಷ್ಟೋ ಜನ ಮೂಲ ಎಂಜಿನ್ ಕಳಚಿ ಪ್ಯೂಜೋ ಡೀಸೆಲ್ಲನ್ನೋ, ಮೆಟಡೋರ್ ಎಂಜಿನ್ನನ್ನೋ ಕೂರಿಸಿಕೊಂಡರು. ಆಗ ಅದು ಸರಿಯಾದ ಲೆಕ್ಕವೇ ಆಗಿತ್ತು. ಗಾಡಿ ದುಡಿಯಬೇಕಿತ್ತು, ಶೋಕಿಗೆ ಇರಲಿಲ್ಲ. ಈಗ ಅದೇ ಮನೆಯವರು ಮೂಲ ಎಂಜಿನ್ ಹುಡುಕಿ ಗುಜರಿ ಅಂಗಡಿಗಳನ್ನು ಸುತ್ತುತ್ತಿದ್ದಾರೆ. ಪುಣೆಯ ಜುನಾ ಬಜಾರ್, ಮುಂಬೈನ ಕುರ್ಲಾ, ಬೆಂಗಳೂರಿನ ಜೆ.ಸಿ. ರಸ್ತೆ. ಎಂಜಿನ್ ಸಿಕ್ಕರೆ ಅರ್ಧ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ನಿಜವಾದ ಕೆಲಸ ಅಲ್ಲಿಂದ ಶುರುವಾಗುತ್ತದೆ.

[ಬಾಕ್ಸ್] ವಿಂಟೇಜ್ ನೋಂದಣಿ: ತಿಳಿದಿರಲಿ

ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ನವೀಕರಣಕ್ಕೆ 5,000. ನೋಂದಣಿ 10 ವರ್ಷ ನಡೆಯುತ್ತದೆ. ಹೊಸದಾಗಿ ನೋಂದಣಿಯಾಗುವ ಗಾಡಿಯ ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಬರುತ್ತದೆ. ಹಿಂದೆ ನೋಂದಣಿಯಾಗಿದ್ದರೆ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸಲು ಮತ್ತು ರಿಪೇರಿಗೆ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಅವಕಾಶವಿಲ್ಲ.

ಒಂದೇ ಬೋರು, ಎರಡು ಎಂಜಿನ್ನು

ಮಹೀಂದ್ರ ಕಂಪನಿ ವಿಲ್ಲೀಸ್ ಜೀಪಿನ ಜೋಡಣೆ ಶುರು ಮಾಡಿದ್ದು 1947ರಲ್ಲಿ. ಅದಕ್ಕೂ ಮುಂಚೆ ಎರಡನೇ ಮಹಾಯುದ್ಧ ಮುಗಿದಾಗ ಮಿಲಿಟರಿ ಡಿಸ್ಪೋಜಲ್‌ನಲ್ಲಿ ಬಂದ ಜೀಪುಗಳು ಬೇರೆ. ಹೀಗಾಗಿ ಹಳೇ ಪೆಟ್ರೋಲ್ ಜೀಪು ಎಂದರೆ ಅದರಲ್ಲಿ ಎರಡು ಬಗೆಯ ಎಂಜಿನ್ ಇರುವ ಸಾಧ್ಯತೆಯಿದೆ. ಯುದ್ಧಕಾಲದ ಎಂಬಿ ಜೀಪಿನದು 'ಗೋ ಡೆವಿಲ್'. 1953ರಲ್ಲಿ ಬಂದ ಸಿಜೆ-3ಬಿಯದು 'ಹರಿಕೇನ್'.

ಎರಡಕ್ಕೂ ಬೋರು (ಸಿಲಿಂಡರಿನ ಒಳವ್ಯಾಸ) ಮೂರೂ ಕಾಲರ್ಧ, ಅಂದರೆ 3 1/8 ಇಂಚು. ಎರಡಕ್ಕೂ ಸ್ಟ್ರೋಕು (ಪಿಸ್ಟನ್ ಚಲಿಸುವ ದೂರ) 4 3/8 ಇಂಚು. ನಮ್ಮ ಮಿಸ್ತ್ರಿಗಳ ಲೆಕ್ಕದಲ್ಲಿ ಇಂಚಿಗೆ ಎಂಟು ಸೂತ. ಬೋರು ಇಪ್ಪತ್ತೈದು ಸೂತ, ಸ್ಟ್ರೋಕು ಮೂವತ್ತೈದು ಸೂತ. ಒಟ್ಟು 2199 ಸಿಸಿ. ಫೈರಿಂಗ್ ಆರ್ಡರ್ ಎರಡಕ್ಕೂ 1-3-4-2. ಇಷ್ಟು ಹೊಂದಿಕೆಯಾದ ಮೇಲೆ ಒಂದರ ಅಂಕಿ ಇನ್ನೊಂದಕ್ಕೆ ನಡೆಯುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ನಡೆಯುವುದಿಲ್ಲ. ಗೋ ಡೆವಿಲ್‌ನಲ್ಲಿ ಎಂಟೂ ವಾಲ್ವುಗಳು ಬ್ಲಾಕಿನಲ್ಲೇ ಪಕ್ಕಕ್ಕೆ ನಿಂತಿವೆ. ಹರಿಕೇನ್‌ನಲ್ಲಿ ಗಾಳಿ–ಪೆಟ್ರೋಲ್ ಒಳಗೆಳೆಯುವ ವಾಲ್ವುಗಳು ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವುಗಳು ಬ್ಲಾಕಿನಲ್ಲಿ. ಎಂಬಿ ಜೀಪಿನ ಕೈಪಿಡಿಯ ಪ್ರಕಾರ ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಸಂದು ಎರಡೂ ವಾಲ್ವಿಗೆ 14 ಥೌ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಹರಿಕೇನ್‌ಗೆ ಇನ್‌ಟೇಕ್ 18 ಥೌ, ಎಕ್ಸಾಸ್ಟ್ 16 ಥೌ. ಕಂಪ್ರೆಷನ್ ಅನುಪಾತ ಮೊದಲನೆಯದಕ್ಕೆ 6.48, ಎರಡನೆಯದಕ್ಕೆ 6.9.

ಎಕ್ಸಾಸ್ಟ್ ಸಂದನ್ನು ಎರಡು ಥೌ ಬಿಗಿ ಮಾಡಿದರೆ ಏನಾದೀತು ಎಂದು ಉಡಾಫೆ ಮಾಡಬಾರದು. ಎಂಜಿನ್ ಕಾದಾಗ ವಾಲ್ವಿನ ಕಡ್ಡಿ ಹಿಗ್ಗುತ್ತದೆ. ಸಂದು ಸಾಲದಿದ್ದರೆ ವಾಲ್ವು ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ಬೆಂಕಿಯ ಗಾಳಿ ಆ ಸಂದಿನಿಂದಲೇ ನುಗ್ಗುತ್ತದೆ. ವಾಲ್ವಿನ ಅಂಚು ಸುಟ್ಟು ಚೂರು ಹಾರುತ್ತದೆ. ಹೊಸದಾಗಿ ಕಟ್ಟಿದ ಎಂಜಿನ್ ಸ್ವಲ್ಪ ದಿನಕ್ಕೇ ಮತ್ತೆ ದಿಮ್ಮಿಯ ಮೇಲೆ ಬರುತ್ತದೆ.

ಗೋ ಡೆವಿಲ್ ಎಂಜಿನ್ನಿನ ಹುಟ್ಟೇ ಅಳತೆಯ ಕಥೆ. ವಿಲ್ಲೀಸ್ ಕಂಪನಿಯ ಬಳಿ ಇದ್ದದ್ದು 48 ಅಶ್ವಶಕ್ತಿಯ ಸಾಧಾರಣ ಎಂಜಿನ್. ಅದೇ ಬೋರು, ಅದೇ ಸ್ಟ್ರೋಕು ಇಟ್ಟುಕೊಂಡು ಮುಖ್ಯ ಎಂಜಿನಿಯರ್ ಬಾರ್ನಿ ರೂಸ್ ಅದನ್ನು 60ಕ್ಕೆ ಏರಿಸಿದರು. ಗಟ್ಟಿ ಲೋಹ, ಅಲ್ಯೂಮಿನಿಯಂ ಪಿಸ್ಟನ್, ಹಗುರ ಫ್ಲೈವ್ಹೀಲ್ ಇವುಗಳ ಜೊತೆಗೆ ಅವರು ಮಾಡಿದ ದೊಡ್ಡ ಕೆಲಸ ಭಾಗ–ಭಾಗದ ನಡುವಿನ ಸಂದುಗಳನ್ನು ಬಿಗಿಗೊಳಿಸಿದ್ದು. ಅಂದಾಜಿನ ಮೇಲೆ ಕಟ್ಟಿದರೆ ರೂಸ್ ಗಳಿಸಿಕೊಟ್ಟ ಆ 12 ಅಶ್ವಶಕ್ತಿಯನ್ನು ನಾವು ವಾಪಸ್ ಕೊಟ್ಟಂತೆ.

ನಂಬರಿನ ಪಕ್ಕದ ಅಕ್ಷರ

ಹುಡುಕಾಟ ಎಲ್ಲಿಂದ ಶುರುವಾಗಬೇಕು? ಪುಸ್ತಕದಿಂದಲ್ಲ, ಬ್ಲಾಕಿನಿಂದ. ಸಿಜೆ-3ಬಿಯಲ್ಲಿ ವಾಟರ್ ಪಂಪಿನ ಹತ್ತಿರ ಬ್ಲಾಕಿನ ಮುಂಭಾಗದಲ್ಲಿ ಎಂಜಿನ್ ನಂಬರ್ ಕೊರೆದಿರುತ್ತದೆ. ಮೇಲಿನ ಬಣ್ಣ, ಎಣ್ಣೆಯ ಹೊಲಸು ತೆಗೆಯಲು ಉಳಿ ಹಚ್ಚಬೇಡಿ. ಡೀಸೆಲ್ಲಿನಲ್ಲಿ ನೆನೆಸಿದ ಅರಿವೆ ಮತ್ತು ಹಿತ್ತಾಳೆ ಬ್ರಷ್ ಸಾಕು. ಅಂಕಿಗಳು ಮಸುಕಾಗಿದ್ದರೆ ಸೀಮೆಸುಣ್ಣ ತಿಕ್ಕಿ ಒರೆಸಿದರೆ ಗೆರೆಯೊಳಗೆ ಬಿಳಿ ಉಳಿದು ಎದ್ದು ಕಾಣುತ್ತದೆ.

ಬಹಳ ಜನ ನಂಬರ್ ಬರೆದುಕೊಂಡು ಅದರ ಕೊನೆಯ ಅಕ್ಷರವನ್ನು ಬಿಡುತ್ತಾರೆ. ವಿಲ್ಲೀಸ್ ಕಾರ್ಖಾನೆಯವರು ಆ ಅಕ್ಷರದಲ್ಲಿ ಒಂದು ಮಾಹಿತಿ ಇಟ್ಟಿದ್ದಾರೆ. 'ಎ' ಇದ್ದರೆ ಮೇನ್ ಮತ್ತು ಕನೆಕ್ಟಿಂಗ್ ರಾಡ್ ಬೇರಿಂಗುಗಳು ಕಾರ್ಖಾನೆಯಲ್ಲೇ 10 ಥೌ ಅಂಡರ್‌ಸೈಜ್. 'ಬಿ' ಇದ್ದರೆ ಪಿಸ್ಟನ್ನುಗಳು 10 ಥೌ ಓವರ್‌ಸೈಜ್. 'ಎಬಿ' ಇದ್ದರೆ ಎರಡೂ. ಅಂದರೆ ಗಾಡಿ ಹೊಸದಾಗಿ ಹೊರಬಂದಾಗಲೇ ಸ್ಟ್ಯಾಂಡರ್ಡ್ ಅಳತೆಯಲ್ಲಿರಲಿಲ್ಲ! ಇದು ಗೊತ್ತಿಲ್ಲದೆ ಸ್ಟ್ಯಾಂಡರ್ಡ್ ಬೇರಿಂಗ್ ತರಿಸಿದವರು ಹಣ ಕಳೆದುಕೊಂಡು, ಕೊನೆಗೆ ಕ್ರ್ಯಾಂಕನ್ನು ದೂರುತ್ತಾರೆ.

ಗಾಡಿಯ ಜಾತಕ ತಿಳಿಯಲು ಹಳೇ ಆರ್‌ಸಿ ಪುಸ್ತಕವೂ ನೆರವಾಗುತ್ತದೆ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಅದಕ್ಕಿಂತ ಹಳೆಯ ಗಾಡಿಗಳ ಮೊದಲ ಕಾಗದ ಆ ಕಾಲದ್ದು. ಇವತ್ತಿನ ಕೆಎ-23 ಫಲಕದ ಹಿಂದೆ ಇನ್ನೊಂದು ಹೆಸರು, ಇನ್ನೊಂದು ಊರು ಇರಬಹುದು. ಟ್ರಂಕಿನ ತಳದಲ್ಲಿ ಮಡಚಿಟ್ಟ ಆ ಕಾಗದವನ್ನು ಒಮ್ಮೆ ಬಿಚ್ಚಿ ನೋಡಿ.

ಸೈನ್ಯದ ಪುಸ್ತಕ, ಎಲ್ಲರ ಸ್ವತ್ತು

ವಿಂಟೇಜ್ ಗಾಡಿಗಳಲ್ಲಿ ಜೀಪಿನವರು ಅದೃಷ್ಟವಂತರು. ಅಮೆರಿಕದ ಯುದ್ಧ ಇಲಾಖೆ 1944ರಲ್ಲಿ ಎಂಬಿ ಜೀಪಿಗೆಂದೇ ಟಿಎಂ 9-803 ಎಂಬ ತಾಂತ್ರಿಕ ಕೈಪಿಡಿ ಹೊರತಂದಿತು. ಎಂಜಿನ್ ಮತ್ತು ಕ್ಲಚ್ಚಿಗೆ ಪ್ರತ್ಯೇಕವಾಗಿ ಟಿಎಂ 9-1803ಎ. ಯುದ್ಧಭೂಮಿಯಲ್ಲಿ ಹದಿನೆಂಟು–ಇಪ್ಪತ್ತರ ಹುಡುಗರು ಓದಿ ರಿಪೇರಿ ಮಾಡಬೇಕಿದ್ದ ಪುಸ್ತಕಗಳಿವು. ಹೀಗಾಗಿ ಚಿತ್ರಗಳು ಧಾರಾಳ, ಮಾತು ಕಡಿಮೆ, ಅಂಕಿ ಸ್ಪಷ್ಟ. ಸರ್ಕಾರಿ ಪ್ರಕಟಣೆಗಳಾದ್ದರಿಂದ ಇವುಗಳಿಗೆ ಹಕ್ಕುಸ್ವಾಮ್ಯದ ಬೇಲಿಯಿಲ್ಲ. ಇಂಗ್ಲಿಷ್ ಬರದ ಮಿಸ್ತ್ರಿಯೂ ಮಗಳನ್ನೋ ಮಗನನ್ನೋ ಕೂರಿಸಿಕೊಂಡು ಅಂಕಿಗಳ ಪುಟ ಓದಿಸಿಕೊಳ್ಳಬಹುದು.

ಅಂಬಾಸಿಡರಿನವರಿಗೆ ದಾರಿ ಬೇರೆ. ಅದರ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್-3. ಬಹುಕಾಲ ಅದರಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್. ಇಲ್ಲಿನ ಕೈಪಿಡಿ ಸಿಗದಿದ್ದರೆ ಅಲ್ಲಿನ ಆಕ್ಸ್‌ಫರ್ಡ್ ಕೈಪಿಡಿಯೇ ಆಸರೆ. ಬ್ರಿಟಿಷ್ ಕಾರುಗಳ ಕಾರ್ಖಾನೆ ದಾಖಲೆಗಳನ್ನು ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾಪಾಡಿಕೊಂಡಿದೆ. ಫಿಯಟ್ 1100 ಗಾಡಿಗೆ ಇಟಲಿಯ ಕೈಪಿಡಿ: ಬೋರು 68, ಸ್ಟ್ರೋಕು 75 ಮಿ.ಮೀ., 1089 ಸಿಸಿ. ಗಾಡಿ ಕಟ್ಟಿದ್ದು ಕುರ್ಲಾದಲ್ಲಾದರೂ ಅದರ ಲೆಕ್ಕ ಟೂರಿನ್ನಿನದು.

ಆದರೂ ಕೈಪಿಡಿ ಕೈಗೆ ಬಂತೆಂದು ಕಣ್ಣುಮುಚ್ಚಿ ನಂಬುವಂತಿಲ್ಲ. ಭಾರತದಲ್ಲಿ ಗಾಡಿ ಕಟ್ಟುವಾಗ ಕಾರ್ಬುರೇಟರ್, ಡಿಸ್ಟ್ರಿಬ್ಯೂಟರ್, ಡೈನಮೋ ಹಂತಹಂತವಾಗಿ ದೇಶೀಯವಾದವು. ಎಷ್ಟೋ ಜೀಪುಗಳಲ್ಲಿ ಅಮೆರಿಕದ ಕಾರ್ಟರ್ ಕಾರ್ಬುರೇಟರ್ ಇದ್ದ ಜಾಗದಲ್ಲಿ ಸೋಲೆಕ್ಸ್ ಕೂತಿದೆ. ಪುಸ್ತಕದ ಜೆಟ್ ಸಂಖ್ಯೆ ಅದಕ್ಕೆ ಒಪ್ಪುವುದಿಲ್ಲ. ಪುಸ್ತಕವನ್ನೂ ಎದುರಿಗಿರುವ ಲೋಹವನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಸವೆಯದ ಮೂಲೆಯಲ್ಲಿ ಸತ್ಯ

ಪುಸ್ತಕವೇ ಇಲ್ಲದಿದ್ದರೆ? ಆಗ ಎಂಜಿನ್ನೇ ಪುಸ್ತಕ. ಈ ವಿದ್ಯೆಯಲ್ಲಿ ನಮ್ಮ ಕಡೆಯ ಹಿರಿಯ ಮಿಸ್ತ್ರಿಗಳದು ಎತ್ತಿದ ಕೈ.

ಸಿಲಿಂಡರ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ರಿಂಗುಗಳು ಓಡಾಡುವ ಮೇಲ್ಭಾಗದಲ್ಲಿ ಸವೆತ ಹೆಚ್ಚು. ಬೆರಳು ಆಡಿಸಿದರೆ ಮೇಲಂಚಿನಲ್ಲಿ ಒಂದು ಏಣು ತಟ್ಟುತ್ತದೆ. ಆದರೆ ಸಿಲಿಂಡರಿನ ಕಟ್ಟಕಡೆಯ ಕೆಳಭಾಗಕ್ಕೆ ರಿಂಗು ಇಳಿಯುವುದೇ ಇಲ್ಲ. ಅಲ್ಲಿ ಬೋರ್ ಗೇಜ್ ಇಟ್ಟರೆ ಕೊನೆಯ ಸಲ ಬೋರ್ ಮಾಡಿದಾಗಿನ ಅಳತೆ ಹಾಗೆಯೇ ಸಿಗುತ್ತದೆ. ಜೀಪಿನ ಸ್ಟ್ಯಾಂಡರ್ಡ್ ಬೋರು 3.125 ಇಂಚು, ಅಂದರೆ 79.375 ಮಿ.ಮೀ. ಕೆಳಗೆ 79.88 ಬಂತೆನ್ನಿ. ವ್ಯತ್ಯಾಸ ಅರ್ಧ ಮಿ.ಮೀ.ಗೆ ಒಂದು ಕೂದಲೆಳೆ ಹೆಚ್ಚು. ಹಿಂದಿನವರು 20 ಥೌ ಓವರ್‌ಸೈಜ್ ಪಿಸ್ಟನ್ ಹಾಕಿದ್ದಾರೆ ಎಂದು ಕಾಗದವಿಲ್ಲದೆಯೇ ಗೊತ್ತಾಯಿತು. ಮುಂದಿನ ಪಿಸ್ಟನ್ 30 ಇಲ್ಲವೇ 40 ಥೌ. ಬ್ಲಾಕಿನ ಗೋಡೆ ಎಷ್ಟು ಉಳಿದಿದೆ ನೋಡಿ, ಸಾಲದಿದ್ದರೆ ಲೈನರ್ ಹಾಕಿಸಿ ಮತ್ತೆ ಸ್ಟ್ಯಾಂಡರ್ಡ್‌ಗೆ ಬರಬೇಕು.

ಕಂಪ್ರೆಷನ್ ಅನುಪಾತ ಕಂಡುಹಿಡಿಯುವ ರೀತಿ ಇನ್ನೂ ಸೊಗಸು. ಎಂಜಿನ್ ಸಮತಟ್ಟಾಗಿ ಇಟ್ಟು, ಪಿಸ್ಟನ್ ತುತ್ತತುದಿಗೆ ತಂದು, ಎರಡೂ ವಾಲ್ವು ಮುಚ್ಚಿರುವಾಗ ಪ್ಲಗ್ಗಿನ ತೂತಿನಿಂದ ಸಿರಿಂಜಿನಲ್ಲಿ ತೆಳು ಎಣ್ಣೆ ತುಂಬಿಸುತ್ತಾರೆ. ಎಷ್ಟು ಹಿಡಿಯಿತೋ ಅದೇ ಉರಿಯುವ ಕೋಣೆಯ ಗಾತ್ರ. ಜೀಪಿನ ಒಂದೊಂದು ಸಿಲಿಂಡರಿನಲ್ಲಿ ಪಿಸ್ಟನ್ ಸರಿಸುವ ಗಾತ್ರ 550 ಸಿಸಿ. ಎಣ್ಣೆ ಸುಮಾರು 100 ಮಿ.ಲೀ. ಹಿಡಿದರೆ ಅನುಪಾತ 6.48ರ ಆಸುಪಾಸು. 93 ಹಿಡಿದರೆ 6.9. 80ಕ್ಕೇ ತುಂಬಿತೆಂದರೆ ಯಾರೋ ಹೆಡ್ಡನ್ನು ಪದೇ ಪದೇ ತಿಕ್ಕಿಸಿದ್ದಾರೆ ಎಂದರ್ಥ. ಮಾರುಕಟ್ಟೆಯ ಒಂದು ಸಿರಿಂಜು ಮತ್ತು ತಾಳ್ಮೆ ಇದ್ದರೆ ಸಾಕು.

ರಿಂಗಿನ ಬಾಯಿ ಎಷ್ಟು ತೆರೆದಿರಬೇಕು ಎಂಬುದಕ್ಕೂ ಹಳೇ ಕಸುಬುದಾರರ ಸೂತ್ರವಿದೆ: ಬೋರಿನ ಇಂಚೊಂದಕ್ಕೆ ಮೂರರಿಂದ ನಾಲ್ಕು ಥೌ. ಜೀಪಿಗೆ ಲೆಕ್ಕ ಹಾಕಿದರೆ ಹತ್ತು ಥೌ ಆಸುಪಾಸು. ರಿಂಗನ್ನು ಸಿಲಿಂಡರಿಗಿಟ್ಟು ಪಿಸ್ಟನ್ ತಲೆಯಿಂದ ನೇರಕ್ಕೆ ತಳ್ಳಿ ಫೀಲರ್ ಗೇಜ್ ಹಾಕಿ ನೋಡುತ್ತಾರೆ.

ಬೋಲ್ಟುಗಳ ಮಾತು ಬಂದಾಗ ಮಾತ್ರ ಕೈಯ ಅಂದಾಜನ್ನು ನಾನು ಒಪ್ಪಲಾರೆ. ಹರಿಕೇನ್ ಹೆಡ್ ಬೋಲ್ಟಿಗೆ 60ರಿಂದ 70 ಫೂಟ್-ಪೌಂಡ್, ಮೇನ್ ಬೇರಿಂಗಿಗೆ 65ರಿಂದ 75, ಕನೆಕ್ಟಿಂಗ್ ರಾಡಿಗೆ 35ರಿಂದ 45. ಎಷ್ಟೇ ಪಳಗಿದ ತೋಳಾದರೂ ಬೆಳಗಿನ ಹೊತ್ತಿನ ಬಲ ಮಧ್ಯಾಹ್ನಕ್ಕೆ ಇರುವುದಿಲ್ಲ. ಟಾರ್ಕ್ ಪಾನಾ ಇವತ್ತು ಯಾವ ಗ್ಯಾರೇಜಿಗೂ ಎಟುಕದ ವಸ್ತುವಲ್ಲ.

ಇನ್ನೊಂದು ಅಪಾಯ ಚೂಡಿಯದು, ಅಂದರೆ ಬೋಲ್ಟಿನ ಸುರುಳಿ ಗೆರೆಯದು. ಇಂಗ್ಲೆಂಡಿನ ಆಯಿಲ್ ಎಂಜಿನ್ನುಗಳ ವಿಟ್‌ವರ್ತ್ ಚೂಡಿಯ ಕೋನ 55 ಡಿಗ್ರಿ, ಅಮೆರಿಕದ ಜೀಪಿನದು 60. ಕಾಲು ಇಂಚು, ಮುಕ್ಕಾಲರ್ಧದಂಥ ಸಣ್ಣ ಬೋಲ್ಟುಗಳಲ್ಲಿ ಇಂಚಿಗೆ ಇರುವ ಸುತ್ತುಗಳ ಸಂಖ್ಯೆ ಎರಡರಲ್ಲೂ ಒಂದೇ ಇರುವುದರಿಂದ ಬೋಲ್ಟು ಒಳಗೆ ಹೋಗುತ್ತದೆ, ಬಿಗಿಯೂ ಆದಂತೆ ಕಾಣುತ್ತದೆ. ಅರ್ಧ ಇಂಚಿಗೆ ಬಂದಾಗ ಒಂದಕ್ಕೆ 12 ಸುತ್ತು, ಇನ್ನೊಂದಕ್ಕೆ 13. ಪಂಪ್‌ಸೆಟ್ಟಿನ ಡಬ್ಬಿಯಿಂದ ತೆಗೆದ ಬೋಲ್ಟನ್ನು ಜೀಪಿಗೆ ತಿರುವಿ ಚೂಡಿ ಕೆಡಿಸಿದ ಬ್ಲಾಕುಗಳು ಈ ಭಾಗದಲ್ಲಿ ಬೇಕಾದಷ್ಟಿವೆ.

ಸೈಕಲ್ ಅಂಗಡಿಯಿಂದ ಆಯಿಲ್ ಎಂಜಿನ್‌ವರೆಗೆ

ಅಳತೆಯ ಈ ಕಸುಬು ಇಲ್ಲಿ ಬೇರುಬಿಟ್ಟದ್ದಕ್ಕೆ ಕಾರಣವಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಬಂದವು. 1910ರಲ್ಲಿ ಔಂಧ ಸಂಸ್ಥಾನದ ಅರಸರು ಕುಂಡಲ್ ರೋಡ್ ನಿಲ್ದಾಣದ ಬಳಿ ಕೊಟ್ಟ ಜಾಗಕ್ಕೆ ಕಾರ್ಖಾನೆ ಹೋಯಿತು. ಅದೇ ಕಿರ್ಲೋಸ್ಕರವಾಡಿ, ಮಿರಜಿನಿಂದ ಮುಂದೆ ರೈಲು ಮಾರ್ಗದಲ್ಲಿ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇಥ್ ಯಂತ್ರಗಳನ್ನು ಕೊಟ್ಟಿತು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಹುಟ್ಟಿತು.

ಕರೆಂಟು ಬರುವ ಮುಂಚೆ ಬಾವಿಯಿಂದ, ಹೊಳೆಯಿಂದ ನೀರೆತ್ತಿ ಕಬ್ಬು ಬೆಳೆಸಿದ್ದು ಇಂಥ ಆಯಿಲ್ ಎಂಜಿನ್ನುಗಳೇ. ಅವುಗಳನ್ನು ಬಿಚ್ಚಿ ಕಟ್ಟುತ್ತಲೇ ನಮ್ಮ ಹಳ್ಳಿಗಳಲ್ಲಿ ಒಂದು ತಲೆಮಾರು ಮಿಸ್ತ್ರಿಗಳಾಯಿತು. ಆ ಕಾಲದ ಕಿರ್ಲೋಸ್ಕರ್ ಎವಿ-1 ಎಂಜಿನ್ನಿನ ಬೋರು 80, ಸ್ಟ್ರೋಕು 110 ಮಿ.ಮೀ., 553 ಸಿಸಿ, 1500 ಸುತ್ತಿಗೆ 5 ಅಶ್ವಶಕ್ತಿ. ಅದರ ತಮ್ಮ ಟಿವಿ-1ರ ಅಂಕಿ ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಂಠಪಾಠ: 87.5 ಬೋರು, 110 ಸ್ಟ್ರೋಕು, 661 ಸಿಸಿ, ಕಂಪ್ರೆಷನ್ 17.5, ಡೀಸೆಲ್ ಸಿಂಪಡಣೆ 23 ಡಿಗ್ರಿ ಮುಂಚೆ. ದೇಶದ ಅಸಂಖ್ಯ ಕಾಲೇಜು ಪ್ರಯೋಗಾಲಯಗಳಲ್ಲಿ ಪರೀಕ್ಷೆಗೆ ನಿಲ್ಲಿಸಿರುವುದು ಇದನ್ನೇ.

ಒಂದು ಎಂಜಿನ್ನಿನ ಅಂಕಿಗಳನ್ನು ಸಾವಿರಾರು ಜನ ಬರೆದಿಟ್ಟರು, ಅದು ಉಳಿಯಿತು. ಜೀಪಿನ ಅಂಕಿ ಅಮೆರಿಕದ ಸೈನ್ಯ ಬರೆದಿಟ್ಟಿದ್ದಕ್ಕೆ ಉಳಿಯಿತು. ನಮ್ಮ ಗ್ಯಾರೇಜುಗಳಲ್ಲಿ ಆ ಎಂಜಿನ್ನುಗಳಿಗೆ ಏನೇನು ಮಾಡಿದರು, ಯಾವ ಪಿಸ್ಟನ್ ಯಾವುದಕ್ಕೆ ಒಗ್ಗಿತು ಎಂಬುದನ್ನು ಬರೆದವರು ತೀರಾ ಕಡಿಮೆ.

ಗ್ರೀಸ್ ಹತ್ತಿದ ಡೈರಿ

ಬರೆದವರು ಇಲ್ಲವೇ ಇಲ್ಲ ಎಂದಲ್ಲ. ಅಥಣಿ ಕಡೆಯ ಒಂದು ಲೇಥ್ ಅಂಗಡಿಯಲ್ಲಿ ಬೀಡಿ ಕಂಪನಿಯ ಹಳೇ ಡೈರಿಯೊಂದನ್ನು ನೋಡಿದೆ. ರಟ್ಟು ಹೋಗಿದೆ, ಮೂಲೆಗಳು ಎಣ್ಣೆ ಕುಡಿದು ಪಾರದರ್ಶಕವಾಗಿವೆ. ಅರ್ಧ ಪುಟ ಕನ್ನಡ, ಅರ್ಧ ಮರಾಠಿ, ಅಂಕಿಗಳೆಲ್ಲ ಇಂಗ್ಲಿಷು. ಒಂದು ಪುಟದಲ್ಲಿ 'ಜೀಪ್, ಮೇಲೊಂದು ಕೆಳಗೊಂದು ವಾಲ್ವು, 18–16, ಥಂಡಾ' ಎಂದಿದೆ. ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಪಿಸ್ಟನ್ನಿನ ಚಿತ್ರ: ಪಿನ್ನಿನ ನಡುವಿನಿಂದ ತಲೆಯವರೆಗೆ ಒಂದು ಬಾಣದ ಗೆರೆ ಎಳೆದು ಅಳತೆ ಬರೆದಿದ್ದಾರೆ.

ಆ ಬಾಣದ ಗೆರೆಯೇ ಬಲು ಬೆಲೆಬಾಳುವ ಮಾಹಿತಿ. ಮೂಲ ಪಿಸ್ಟನ್ ಸಿಗದಾಗ ಬೇರೆ ಗಾಡಿಯದನ್ನು ಹೊಂದಿಸಬೇಕಾಗುತ್ತದೆ. ಆಗ ಬೋರು ಕೂಡಿದರಷ್ಟೇ ಸಾಲದು. ಪಿನ್ನಿನ ದಪ್ಪ, ರಿಂಗಿನ ಅಗಲ, ಪಿನ್ನಿನ ನಡುವಿನಿಂದ ತಲೆಯವರೆಗಿನ ಎತ್ತರ ಎಲ್ಲವೂ ಕೂಡಬೇಕು. ಎತ್ತರ ಹೆಚ್ಚಾದರೆ ಪಿಸ್ಟನ್ ಹೆಡ್ಡಿಗೆ ಬಡಿಯುತ್ತದೆ, ಕಡಿಮೆಯಾದರೆ ಕಂಪ್ರೆಷನ್ ಬೀಳುತ್ತದೆ. ಪಿಸ್ಟನ್ ತಯಾರಕರ ಕ್ಯಾಟಲಾಗುಗಳಲ್ಲಿ ಈ ಅಳತೆಗಳಿರುತ್ತವೆ. ಹಳೇ ಕ್ಯಾಟಲಾಗುಗಳೇ ಹೆಚ್ಚು ಉಪಯೋಗದವು, ನಿಂತುಹೋದ ಗಾಡಿಗಳ ಹೆಸರನ್ನು ಹೊಸದರಲ್ಲಿ ತೆಗೆದುಹಾಕುತ್ತಾರೆ.

ಈ ವಿಷಯದಲ್ಲಿ ಚಿಕ್ಕೋಡಿಯಿಂದ ಕಾಗವಾಡದವರೆಗಿನ ನಮ್ಮ ತಾಲ್ಲೂಕುಗಳಿಗೆ ಇರುವ ಅನುಕೂಲ ರಾಜ್ಯದ ಬೇರೆ ಕಡೆ ಸುಲಭಕ್ಕೆ ಸಿಗದು. ಒಂದು ಬದಿಗೆ ಬೆಳಗಾವಿಯ ಉದ್ಯಮಬಾಗ, ಅಲ್ಲಿನ ಫೌಂಡ್ರಿಗಳು. ಇನ್ನೊಂದು ಬದಿಗೆ ಕೊಲ್ಹಾಪುರದ ಶಿವಾಜಿ ಉದ್ಯಮನಗರ ಮತ್ತು ಗೋಕುಲ ಶಿರಗಾಂವ. 1977ರಲ್ಲಿ ಸ್ಥಾಪನೆಯಾದ ಮೆನನ್ ಪಿಸ್ಟನ್ಸ್ ಕಂಪನಿಯೂ ಕೊಲ್ಹಾಪುರದ್ದೇ. ಎರಕ, ಕ್ರ್ಯಾಂಕ್ ಗ್ರೈಂಡಿಂಗ್, ಲೈನರ್, ಬುಷ್ ಏನು ಬೇಕಾದರೂ ಬೆಳಿಗ್ಗೆ ಹೊರಟು ಸಂಜೆಯೊಳಗೆ ಮಾಡಿಸಿಕೊಂಡು ಬರುವಷ್ಟು ಹತ್ತಿರ. ಅಳತೆ ಸರಿಯಾಗಿ ಬರೆದುಕೊಟ್ಟರೆ ಅವರು ಸರಿಯಾಗಿಯೇ ಮಾಡಿಕೊಡುತ್ತಾರೆ.

ಇಷ್ಟೆಲ್ಲ ಇದ್ದೂ ನಾವು ಕಳೆದುಕೊಂಡದ್ದು ದೊಡ್ಡದು. 2019ರ ಆಗಸ್ಟ್‌ನ ಮಹಾಪೂರ ಯಡೂರ, ಅಂಕಲಿ, ಮಾಂಜರಿ, ಕುಡಚಿ, ಉಗಾರದ ಕಡೆ ಮನೆಗಳಿಗೂ ಗ್ಯಾರೇಜುಗಳಿಗೂ ನುಗ್ಗಿತು. ನೀರು ಹೊಕ್ಕ ಎಂಜಿನ್ನನ್ನು ಬಿಚ್ಚಿ ಎಣ್ಣೆ ಹಾಕಿ ಉಳಿಸಿಕೊಳ್ಳಬಹುದಿತ್ತು. ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಡೈರಿ, ಬಿಲ್ಲು, ಕೈಪಿಡಿ ಮುದ್ದೆಯಾದವು. ಅವುಗಳಿಗೆ ಪರಿಹಾರದ ಪಟ್ಟಿಯಲ್ಲಿ ಜಾಗವಿರಲಿಲ್ಲ.

[ಬಾಕ್ಸ್] ನಮ್ಮದೇ ಕಬ್ಬಿನ ಇಂಧನ, ಹಳೇ ಎಂಜಿನ್ನಿಗೆ ಹೊಸ ಲೆಕ್ಕ

2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿ ಮುಟ್ಟಲಾಯಿತು. ಆ ಎಥೆನಾಲ್‌ನಲ್ಲಿ ನಮ್ಮ ಭಾಗದ ಕಬ್ಬಿನ ಪಾಲೂ ಇದೆ. ಹಳೇ ಎಂಜಿನ್ನಿನ ಕೈಪಿಡಿಯಲ್ಲಿ ಇದರ ಪ್ರಸ್ತಾಪವಿಲ್ಲ. ಎಥೆನಾಲ್ ಹಳೇ ರಬ್ಬರ್ ಡಯಾಫ್ರಂ ಮತ್ತು ಪೈಪುಗಳನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವ ಹೀರುತ್ತದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದಕ್ಕೆ 14.7 ಪಾಲು ಗಾಳಿ ಬೇಕು, ಶೇ 20ರ ಮಿಶ್ರಣಕ್ಕೆ ಸುಮಾರು 13.5 ಸಾಕು. ಅಂದರೆ ಹಳೇ ಜೆಟ್ಟಿನಲ್ಲಿ ಇಂಧನ ಕಡಿಮೆ ಬಿದ್ದು ಎಂಜಿನ್ ಬಿಸಿಯಾಗುತ್ತದೆ. ಪಂಪಿನ ಡಯಾಫ್ರಂ, ಪೈಪು ಬದಲಿಸಿ, ಜೆಟ್ ಒಂದು ಹಂತ ದೊಡ್ಡದು ಹಾಕಿ, ಪ್ಲಗ್ಗಿನ ಬಣ್ಣ ನೋಡಿ ಹದ ಮಾಡಿಕೊಳ್ಳಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಕಾರ್ಬುರೇಟರ್ ಖಾಲಿ ಮಾಡಿಡಿ.

ಮೊದಲು ಅಳೆಯಿರಿ, ಆಮೇಲೆ ಬಿಚ್ಚಿರಿ

ಹಳೇ ಗಾಡಿ ಇರುವವರಲ್ಲಿ ಒಂದು ವಿನಂತಿ. ಎಂಜಿನ್ ಬೋರಿಗೆ ಕಳಿಸುವ ಮುನ್ನ ಎಲ್ಲ ಅಳತೆಗಳನ್ನೂ ಬರೆದಿಡಿ. ಹಳೇ ಪಿಸ್ಟನ್, ಬೇರಿಂಗ್ ಚಿಪ್ಪು, ಗ್ಯಾಸ್ಕೆಟ್ ಹೊಸದು ಬಂದು ಕೂರುವವರೆಗೆ ಎಸೆಯಬೇಡಿ. ಪಿಸ್ಟನ್ ತಲೆಯ ಮೇಲೆ, ಬೇರಿಂಗ್ ಚಿಪ್ಪಿನ ಬೆನ್ನ ಮೇಲೆ ಸೈಜು ಮತ್ತು ಪಾರ್ಟ್ ನಂಬರ್ ಕೊರೆದಿರುತ್ತದೆ. ಮಸಿ ತೆಗೆದು ಫೋಟೊ ಹೊಡೆದುಕೊಳ್ಳಿ. ಬೋರ್ ಎಷ್ಟಕ್ಕೆ ಆಯಿತು, ಕ್ರ್ಯಾಂಕ್ ಎಷ್ಟು ಗ್ರೈಂಡ್ ಆಯಿತು, ಯಾವ ತಾರೀಖು ಎಂದು ಒಂದು ತಗಡಿನ ಪಟ್ಟಿಯ ಮೇಲೆ ಕೊರೆಸಿ ಬಾನೆಟ್ಟಿನ ಒಳಗೆ ರಿವಿಟ್ ಹೊಡೆಸಿ. ಮೂವತ್ತು ವರ್ಷದ ನಂತರ ಅದನ್ನು ಬಿಚ್ಚುವವನಿಗೆ ಹುಡುಕಾಟ ತಪ್ಪುತ್ತದೆ.

ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಐಟಿಐಗಳು ಚಿಕ್ಕೋಡಿ, ನಿಪ್ಪಾಣಿ, ಅಥಣಿ ಸುತ್ತ ಸಾಕಷ್ಟಿವೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಒಮ್ಮೆ ತಮ್ಮೂರಿನ ಹಿರಿಯ ಮಿಸ್ತ್ರಿಯ ಬಳಿ ಕೂರಲಿ. ಅವರ ಡೈರಿಯ ಪುಟಗಳನ್ನು ಒಂದೊಂದಾಗಿ ಫೋಟೊ ತೆಗೆದು, ಸೂತವನ್ನು ಮಿ.ಮೀ.ಗೆ ತಿರುಗಿಸಿ, ಮೂಲ ಕೈಪಿಡಿಯೊಂದಿಗೆ ತಾಳೆ ನೋಡಿ ಕನ್ನಡದಲ್ಲೇ ಒಂದು ಅಳತೆಪುಸ್ತಕ ಮಾಡಲಿ. ಪ್ರಾಧ್ಯಾಪಕರು ಅದಕ್ಕೆ ಅಂಕ ಕೊಡಲಿ, ಕಾಲೇಜು ಅದರ ಪ್ರತಿಯನ್ನು ಗ್ರಂಥಾಲಯದಲ್ಲಿಡಲಿ, ಮಿಸ್ತ್ರಿಯ ಹೆಸರು ಮೊದಲ ಪುಟದಲ್ಲಿರಲಿ.

ಈ ಮಿಸ್ತ್ರಿಗಳಲ್ಲಿ ಬಹುಪಾಲು ಜನ ಈಗ ಎಪ್ಪತ್ತರ ಆಚೆ ಇದ್ದಾರೆ. ದೀಪಾವಳಿ ರಜೆ ಮುಗಿದ ಕೂಡಲೇ ಈ ಕೆಲಸ ಶುರು ಮಾಡಿ.